ಕಂಪ್ಯೂಟರ್‌ಗೆ ಯುಎಸ್‌ಬಿ ಡ್ಯಾಕ್ ಹಾಕಿ ಹೆಡ್‌ಫೋನಲ್ಲಿ ಕೇಳೋದು ಹೇಗೆ: ಆರಿಸೋದ್ರಿಂದ ಸೆಟ್ಟಿಂಗ್ಸ್ ತನಕ ಪೂರ್ತಿ ವಿವರ

ಡ್ಯಾಕ್ ಅಂದ್ರೆ ಡಿಜಿಟಲ್ ಹಾಡನ್ನ ಹೆಡ್‌ಫೋನಿಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿ ಬದಲಾಯ್ಸೋ ಸಾಧನ. ಅದು ನಿಮಗೆ ಬೇಕಾ ಅಂತ ತಿಳಿಯೋಕೆ, ರಾತ್ರಿ ಎಲ್ಲ ಸದ್ದಡಗಿದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಲ್ಯಾಪ್‌ಟಾಪ್ ಜ್ಯಾಕಿಗೆ ಇಯರ್‌ಫೋನ್ ಸಿಗಿಸಿ, ಒಂದು ಹಾಡು ಹಾಕಿ, ಪ್ಲೇಯರ್ ಒಳಗಿನ ವಾಲ್ಯೂಮ್ ಮಾತ್ರ ಸೊನ್ನೆಗೆ ಇಳಿಸಿ. ಹಾಡು ಓಡ್ತಾ ಇರ್ಲಿ, ಯಾಕಂದ್ರೆ ಏನೂ ಪ್ಲೇ ಆಗ್ತಿಲ್ಲ ಅಂದ್ರೆ ಸುಮಾರು ಲ್ಯಾಪ್‌ಟಾಪ್‌ಗಳು ಆಡಿಯೋ ಚಿಪ್ಪನ್ನೇ ಮಲಗಿಸಿಬಿಡ್ತವೆ, ಆಗ ಏನೂ ಕೇಳಲ್ಲ. ಈಗ ಒಂದು ಉದ್ದದ ವೆಬ್ ಪೇಜ್ ತೆಗೆದು ಜೋರಾಗಿ ಸ್ಕ್ರೋಲ್ ಮಾಡಿ. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಸ್ಕ್ರೋಲ್ ಮಾಡಿದಾಗೆಲ್ಲ ಬಲಗಿವೀಲಿ ಸಣ್ಣಗೆ ಚಿರ್ ಚಿರ್ ಅಂತ ಬರ್ತಿತ್ತು, ಕೈ ನಿಲ್ಲಿಸಿದ್ರೆ ಅದೂ ನಿಲ್ಲೋದು, ಚಾರ್ಜರ್ ಹಾಕಿದ್ರೆ ಅದರ ಜೊತೆಗೆ ಒಂದು ಗುಂಯ್ ಸೇರ್ಕೊಳ್ಳೋದು. ಮೂರು ವರ್ಷ ಅದೇ ಜ್ಯಾಕಲ್ಲಿ ಹಾಡು ಕೇಳಿದ್ದೆ, ಈ ಸದ್ದು ಹಾಡಿನದ್ದಲ್ಲ ಅಂತ ಒಂದ್ಸಲ ಗೊತ್ತಾದ ಮೇಲೆ ಮತ್ತೆ ಅದನ್ನ ಕೇಳಿಸ್ಕೊಳ್ಳದೆ ಇರೋಕೆ ಆಗ್ಲಿಲ್ಲ.

ಆ ಚಿರ್ ಸದ್ದು ಎಲ್ಲಿಂದ ಬರತ್ತೆ ಅಂದ್ರೆ, ಮದರ್‌ಬೋರ್ಡ್ ಮೇಲೆ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ಅವಕ್ಕೆ ಕರೆಂಟ್ ಕೊಡೋ ರೆಗ್ಯುಲೇಟರ್ ಎಲ್ಲ ಕ್ಷಣಕ್ಕೊಂದು ಥರ ಕರೆಂಟ್ ಎಳೀತಾ ಇರ್ತವೆ, ಆಡಿಯೋ ಚಿಪ್ ಅವುಗಳ ಪಕ್ಕದಲ್ಲೇ, ಅದೇ ಗ್ರೌಂಡ್ (ಕರೆಂಟ್ ವಾಪಸ್ ಹರಿಯೋ ದಾರಿ) ಹಂಚ್ಕೊಂಡು ಕೂತಿರತ್ತೆ. ಹಾಡು ಡಿಜಿಟಲ್ ಆಗಿರೋ ತನಕ ತೊಂದ್ರೆ ಇಲ್ಲ, ಸೊನ್ನೆ ಒಂದುಗಳಿಗೆ ಈ ಗಲಾಟೆ ತಟ್ಟಲ್ಲ. ಅದು ಅನಲಾಗ್ ವೋಲ್ಟೇಜ್ ಆಗಿ ಬದಲಾದ ಜಾಗದಿಂದ ಮುಂದಕ್ಕೆ ಪ್ರತಿಯೊಂದು ಸಣ್ಣ ಏರಿಳಿತವೂ ಸದ್ದಾಗಿ ಸೇರ್ಕೊಳ್ಳತ್ತೆ. ಯುಎಸ್‌ಬಿ ಡ್ಯಾಕ್ ಮಾಡೋ ಮುಖ್ಯ ಕೆಲಸ ಇಷ್ಟೇ: ಆ ಬದಲಾವಣೆ ಆಗೋ ಜಾಗಾನ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಆಚೆ ತರೋದು. ಎರಡನೇ ಕೆಲಸ, ಹೆಡ್‌ಫೋನಿಗೆ ಬೇಕಾದಷ್ಟು ಶಕ್ತೀನ ಶುದ್ಧವಾಗಿ ಕೊಡೋದು.

ಇದನ್ನ ಮೊದಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಡ್ಯಾಕ್ ತಗೊಂಡ್ರೆ ಹಾಡು ಪೂರ್ತಿ ಬದಲಾಗಿಬಿಡತ್ತೆ ಅಂತ ನಂಬ್ಕೊಂಡು ತಗೊಂಡವರು ಆಮೇಲೆ ಬೇಜಾರು ಮಾಡ್ಕೊಳ್ಳೋದನ್ನ ತುಂಬ ನೋಡಿದ್ದೀನಿ. ಮೇಲಿನ ಪರೀಕ್ಷೇಲಿ ನಿಮಗೆ ಯಾವ ಸದ್ದೂ ಬರ್ಲಿಲ್ಲ, ಹೆಡ್‌ಫೋನ್ ವಾಲ್ಯೂಮ್ ಅರ್ಧಕ್ಕೇ ಸಾಕಷ್ಟು ಜೋರಿದೆ ಅಂದ್ರೆ ನಿಮ್ಮ ಜ್ಯಾಕ್ ಚೆನ್ನಾಗೇ ಇದೆ, ದುಡ್ಡನ್ನ ಒಳ್ಳೆ ಹೆಡ್‌ಫೋನಿಗೆ ಹಾಕಿ. ಹೆಡ್‌ಫೋನಿಂದ ಹೆಡ್‌ಫೋನಿಗೆ ಇರೋ ವ್ಯತ್ಯಾಸದ ಮುಂದೆ ಎರಡು ಒಳ್ಳೆ ಡ್ಯಾಕ್‌ಗಳ ನಡುವಿನ ವ್ಯತ್ಯಾಸ ತುಂಬ ಸಣ್ಣದು. ಸದ್ದು ಬರ್ತಿದೆ, ಇಲ್ಲಾ ವಾಲ್ಯೂಮ್ ನೂರಕ್ಕಿಟ್ರೂ ಸಾಲ್ತಿಲ್ಲ, ಇಲ್ಲಾ ನಿಮ್ಮ ಲ್ಯಾಪ್‌ಟಾಪಲ್ಲಿ ಜ್ಯಾಕೇ ಇಲ್ಲ, ಆಗ ಮುಂದೆ ಓದಿ.

ಮೊದಲು ಹೆಡ್‌ಫೋನ್ ನೋಡಿ, ಆಮೇಲೆ ಡ್ಯಾಕ್

ಡ್ಯಾಕ್ ಆರಿಸೋವಾಗ ಎಲ್ಲರೂ ಒಳಗಿನ ಚಿಪ್ ಯಾವುದು, ಎಷ್ಟು ಕಿಲೋಹರ್ಟ್ಸ್ ತನಕ ಹೋಗತ್ತೆ ಅಂತ ನೋಡ್ತಾರೆ. ನನ್ನ ಪ್ರಕಾರ ಅದು ಕೊನೇಲಿ ನೋಡೋ ವಿಷ್ಯ. ಮೊದಲು ನಿಮ್ಮ ಹೆಡ್‌ಫೋನಿನ ಡಬ್ಬೀನೋ ಕಂಪನಿ ಪೇಜನ್ನೋ ತೆಗೆದು ಎರಡು ಸಂಖ್ಯೆ ಬರ್ಕೊಳ್ಳಿ: ಇಂಪೀಡೆನ್ಸ್ (ಕರೆಂಟಿಗೆ ಹೆಡ್‌ಫೋನ್ ಒಡ್ಡೋ ತಡೆ) ಎಷ್ಟು ಓಮ್, ಸೆನ್ಸಿಟಿವಿಟಿ (ಇಂತಿಷ್ಟು ಸಿಗ್ನಲ್ ಕೊಟ್ರೆ ಎಷ್ಟು ಜೋರಾಗತ್ತೆ ಅನ್ನೋದು) ಎಷ್ಟು ಡೆಸಿಬಲ್. ಸೆನ್ಸಿಟಿವಿಟೀನ ಕೆಲವರು ಒಂದು ಮಿಲಿವ್ಯಾಟ್‌ಗೆ ಇಷ್ಟು ಅಂತ ಬರೀತಾರೆ, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಅಂತ ಬರೀತಾರೆ, ಇವೆರಡೂ ಬೇರೆ ಬೇರೆ, ಒಂದನ್ನ ಇನ್ನೊಂದರ ಜೊತೆ ನೇರವಾಗಿ ಹೋಲಿಸಿದ್ರೆ ಲೆಕ್ಕ ಪೂರ್ತಿ ತಪ್ಪತ್ತೆ.

ಲೆಕ್ಕ ಕಷ್ಟದ್ದೇನಲ್ಲ. ವೋಲ್ಟೇಜನ್ನ ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದ್ರೆ ಪವರ್ ಸಿಗತ್ತೆ. ಸಣ್ಣ ಡಾಂಗಲ್ ಥರದ ಡ್ಯಾಕ್ (ಪೋರ್ಟಿಗೆ ನೇರ ಸಿಗಿಸೋ ಪುಟ್ಟದು) 1 ವೋಲ್ಟ್ ಕೊಡತ್ತೆ ಅಂತಿಟ್ಕೊಳ್ಳಿ, 32 ಓಮ್ ಹೆಡ್‌ಫೋನಿಗೆ ಅದು 31 ಮಿಲಿವ್ಯಾಟ್ ಆಗತ್ತೆ, ಅದೇ 1 ವೋಲ್ಟ್ 300 ಓಮ್ ಹೆಡ್‌ಫೋನಿಗೆ ಬರೀ 3.3 ಮಿಲಿವ್ಯಾಟ್. ವೋಲ್ಟೇಜ್ ಎರಡರಷ್ಟು ಮಾಡಿದ್ರೆ 6 ಡೆಸಿಬಲ್ ಜಾಸ್ತಿ ಸಿಗತ್ತೆ. ಸೆನ್‌ಹೈಸರ್ ಎಚ್‌ಡಿ 650 ಉದಾಹರಣೆಗೆ ತಗೊಳ್ಳಿ, ಅದು 300 ಓಮ್, ಕಂಪನಿ ಹೇಳೋ ಪ್ರಕಾರ 1 ವೋಲ್ಟ್‌ಗೆ 103 ಡೆಸಿಬಲ್. 103 ಅಂದ್ರೆ ಭಾರೀ ಜೋರು ಅನ್ಸತ್ತೆ, ಆದ್ರೆ ಅದು ಡ್ಯಾಕ್ ಕೊಡೋ ಅತಿ ದೊಡ್ಡ ಸಿಗ್ನಲ್‌ಗೆ. ಶಾಸ್ತ್ರೀಯ ಸಂಗೀತ, ಹಳೇ ರೆಕಾರ್ಡಿಂಗ್ ಇವೆಲ್ಲ ಸರಾಸರಿ ಅದಕ್ಕಿಂತ 20 ಡೆಸಿಬಲ್‌ಗೂ ಕೆಳಗೆ ಓಡ್ತಿರತ್ತೆ, ಮೇಲೆ ಈಕ್ವಲೈಜರ್ (ಬೇಸ್, ಟ್ರೆಬಲ್ ಬೇರೆ ಬೇರೆಯಾಗಿ ಹೆಚ್ಚು ಕಮ್ಮಿ ಮಾಡೋ ಸಾಫ್ಟ್‌ವೇರ್) ಹಾಕಿದ್ರೆ ಇನ್ನೊಂದು 6 ಡೆಸಿಬಲ್ ಹೋಗತ್ತೆ, ಆಗ 1 ವೋಲ್ಟ್ ಸಾಲಲ್ಲ ಅನ್ನಿಸೋಕೆ ಶುರು ಆಗತ್ತೆ, 2 ವೋಲ್ಟ್ ಇರೋದು ತಗೊಂಡ್ರೆ ನೆಮ್ಮದಿ.

ಕಿವಿಯೊಳಗೆ ಹಾಕೋ ಸಣ್ಣ ಇಯರ್‌ಫೋನ್‌ಗಳದ್ದು ಇದರ ಉಲ್ಟಾ ಕಥೆ. ಅವು 16, 32 ಓಮ್ ಇರ್ತವೆ, ಚೂರು ಪವರ್‌ಗೇ ಜೋರಾಗ್ತವೆ, ಹಾಗಾಗಿ ಅವಕ್ಕೆ ಬೇಕಿರೋದು ದೊಡ್ಡ ಆಂಪ್ (ಸಿಗ್ನಲ್‌ಗೆ ಶಕ್ತಿ ಕೊಡೋ ಆಂಪ್ಲಿಫೈಯರ್) ಅಲ್ಲ, ನಿಶ್ಶಬ್ದವಾದ ಆಂಪ್. ದೊಡ್ಡ ಡೆಸ್ಕ್‌ಟಾಪ್ ಆಂಪಿಗೆ ಹಾಕಿದ್ರೆ ಹಿಂದೆ ಸ್ಸ್ಸ್ ಅಂತ ಹಿಸ್ ಕೇಳೋ ಸಾಧ್ಯತೆ ಜಾಸ್ತಿ. ಇನ್ನೊಂದು ಮುಖ್ಯವಾದದ್ದು ಡ್ಯಾಕಿನ ಔಟ್‌ಪುಟ್ ಇಂಪೀಡೆನ್ಸ್, ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಮ್ಮಿ ಇರ್ಬೇಕು ಅನ್ನೋದು ರೂಢಿಯ ಲೆಕ್ಕ, ಅಂದ್ರೆ 32 ಓಮ್‌ಗೆ 4 ಓಮ್ ಒಳಗೆ. ಒಂದೇ ಇಯರ್‌ಫೋನಲ್ಲಿ ನಾಲ್ಕೈದು ಡ್ರೈವರ್ (ಸದ್ದು ಹುಟ್ಟಿಸೋ ಪುಟ್ಟ ಸ್ಪೀಕರ್) ಇರೋ ಮಾಡೆಲ್‌ಗಳ ಇಂಪೀಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರಲ್ಲ, ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಇರೋ ಆಂಪಿಗೆ ಹಾಕಿದ್ರೆ ಒಂದ್ಕಡೆ ಬೇಸ್ ಕಮ್ಮಿ ಆಗತ್ತೆ, ಇನ್ನೊಂದ್ಕಡೆ ಟ್ರೆಬಲ್ ಏರತ್ತೆ, ಜನ ಅದನ್ನ ಡ್ಯಾಕಿನ ಗುಣ ಅಂತ ತಿಳ್ಕೊಂಡು ಹೊಗಳೋದೋ ಬೈಯೋದೋ ಮಾಡ್ತಾರೆ. ಪ್ಲೇನಾರ್ ಹೆಡ್‌ಫೋನ್‌ಗಳು (ಚಪ್ಪಟೆ ತೆಳು ಪೊರೆಯಿಂದ ಸದ್ದು ಮಾಡೋ ಜಾತಿ) ಓಮ್ ಕಮ್ಮಿ ಇದ್ರೂ ಸೆನ್ಸಿಟಿವಿಟಿ ಕಮ್ಮಿ ಇರೋದ್ರಿಂದ ಕರೆಂಟ್ ಜಾಸ್ತಿ ಕೇಳ್ತವೆ, ಅವಕ್ಕೆ ಮಿಲಿವ್ಯಾಟ್ ಸಂಖ್ಯೆ ನೋಡಿ.

ಬಿಟ್, ಕಿಲೋಹರ್ಟ್ಸ್ ವಿಷ್ಯ ಬೇಗ ಮುಗಿಸ್ತೀನಿ. ಇಲ್ಲಿ ಕಿಲೋಹರ್ಟ್ಸ್ ಅಂದ್ರೆ ಸದ್ದನ್ನ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದಿದ್ದಾರೆ ಅನ್ನೋ ರೇಟ್, ಬಿಟ್ ಅಂದ್ರೆ ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನೋದು. 1982ರಲ್ಲಿ ಬಂದ ಸಿಡಿ 16 ಬಿಟ್, 44.1 ಕಿಲೋಹರ್ಟ್ಸ್. ಅದರಲ್ಲಿ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ಸುಮಾರು 96 ಡೆಸಿಬಲ್ ಅಂತರ ಹಿಡಿಸತ್ತೆ, ಮನುಷ್ಯನ ಕಿವಿ ಕೇಳೋ 20 ಕಿಲೋಹರ್ಟ್ಸ್ ತನಕದ ಎಲ್ಲಾ ಸ್ವರವೂ ಹಿಡಿಸತ್ತೆ. ಹಾಗಾಗಿ 24 ಬಿಟ್ 96 ಕಿಲೋಹರ್ಟ್ಸ್ ಬರೋ ಯಾವ ಡ್ಯಾಕ್ ಆದ್ರೂ ಕೇಳೋಕೆ ಸಾಕು, ಡಬ್ಬಿ ಮೇಲೆ 768 ಅಂತ ಬರೆದಿದೆ ಅನ್ನೋದಕ್ಕೆ ಹೆಚ್ಚಿಗೆ ದುಡ್ಡು ಕೊಡ್ಬೇಡಿ.

ಕನೆಕ್ಟರ್, ಕೇಬಲ್

ಇಲ್ಲಿ ತಪ್ಪು ಮಾಡಿದ್ರೆ ಮುಂದಿನ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರಲ್ಲ, ಅದಕ್ಕೆ ಸ್ವಲ್ಪ ತಾಳ್ಮೆಯಿಂದ ಓದಿ.

ಟೈಪ್ ಸಿ ಇಂದ 3.5 ಮಿಲಿಮೀಟರ್ ಜ್ಯಾಕಿಗೆ ಬರೋ ಪುಟ್ಟ ಅಡಾಪ್ಟರ್‌ಗಳಲ್ಲಿ ಎರಡು ಜಾತಿ ಇದೆ. ಒಂದರೊಳಗೆ ನಿಜವಾಗ್ಲೂ ಡ್ಯಾಕ್ ಚಿಪ್ ಇರತ್ತೆ, ಇನ್ನೊಂದರಲ್ಲಿ ಬರೀ ವೈರ್, ಅದು ಫೋನೇ ಅನಲಾಗ್ ಸಿಗ್ನಲ್ ಕೊಡ್ಲಿ ಅಂತ ಕಾಯತ್ತೆ. ಎರಡನೇದನ್ನ ಕಂಪ್ಯೂಟರ್‌ಗೆ ಹಾಕಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಡಿವೈಸ್ ಲಿಸ್ಟಲ್ಲೇ ಬರಲ್ಲ. ನೋಡೋಕೆ ಎರಡೂ ಒಂದೇ ಥರ ಇರ್ತವೆ, ತಗೊಳ್ಳೋವಾಗ ವಿವರದಲ್ಲಿ ಡ್ಯಾಕ್ ಇದೆ ಅಂತ ಬರೆದಿದ್ಯಾ ನೋಡ್ಕೊಳ್ಳಿ. ಆಪಲ್‌ನ ಸಣ್ಣ ಬಿಳಿ ಟೈಪ್ ಸಿ ಅಡಾಪ್ಟರ್ ಒಳಗೆ ಡ್ಯಾಕ್ ಇದೆ, ವಿಂಡೋಸ್ ಕಂಪ್ಯೂಟರ್‌ಗೂ ಆಗತ್ತೆ, ಸುಮಾರು 1 ವೋಲ್ಟ್ ಕೊಡತ್ತೆ, ಯುರೋಪಿಗೆ ಮಾಡಿದ ಮಾಡೆಲ್ ಮಾತ್ರ ಅದರ ಅರ್ಧ ಕೊಡತ್ತೆ. ಸುಲಭವಾಗಿ ಜೋರಾಗೋ ಇಯರ್‌ಫೋನ್ ಇರೋರಿಗೆ ಅಷ್ಟೇ ಸಾಕು ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ದೊಡ್ಡ ಡ್ಯಾಕ್ ಆದ್ರೆ ಯುಎಸ್‌ಬಿ ಕೇಬಲ್ ಬೇರೆ ಇರತ್ತೆ. ಡ್ಯಾಕ್ ಲೈಟ್ ಹತ್ಕೊಂಡಿದೆ ಆದ್ರೆ ಕಂಪ್ಯೂಟರ್ ಗುರುತೇ ಹಿಡೀತಿಲ್ಲ ಅಂದ್ರೆ ಬಹಳಷ್ಟು ಸಲ ಅದು ಬರೀ ಚಾರ್ಜಿಂಗ್ ಕೇಬಲ್ ಆಗಿರತ್ತೆ, ಡೇಟಾ ವೈರ್‌ಗಳೇ ಒಳಗೆ ಇರಲ್ಲ. ಡ್ಯಾಕ್ ಜೊತೆ ಬಂದ ಕೇಬಲ್ಲನ್ನೇ ಹಾಕಿ. ದುಬಾರಿ ಆಡಿಯೋ ಕೇಬಲ್ ಬೇಕಾಗಿಲ್ಲ, 24 ಬಿಟ್ 192 ಕಿಲೋಹರ್ಟ್ಸ್ ಸ್ಟೀರಿಯೋ ಕೂಡ ಸೆಕೆಂಡಿಗೆ 9.2 ಮೆಗಾಬಿಟ್ ಅಷ್ಟೇ, ಯುಎಸ್‌ಬಿ 2.0ದ ಮಿತಿ 480. ಹಾಗಾಗಿ ನೀಲಿ ಬಣ್ಣದ ವೇಗದ ಪೋರ್ಟೇ ಬೇಕು ಅಂತಾನೂ ಇಲ್ಲ. ಆದ್ರೆ ಪೋರ್ಟ್ ಕಂಪ್ಯೂಟರ್‌ದೇ ಆಗಿರ್ಲಿ, ಹಾರ್ಡ್ ಡಿಸ್ಕ್, ವೆಬ್‌ಕ್ಯಾಮ್ ಎಲ್ಲ ನೇತಾಡ್ತಿರೋ ಹಬ್ ಮೂಲಕ ಬೇಡ, ಡೆಸ್ಕ್‌ಟಾಪ್ ಆದ್ರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಮದರ್‌ಬೋರ್ಡ್ ಪೋರ್ಟಿಗೇ ಹಾಕಿ.

ಹೆಡ್‌ಫೋನ್ ಕಡೆ ಮೂರು ಎಚ್ಚರಿಕೆ. ಡ್ಯಾಕ್ ಹಿಂದೆ ಕೆಂಪು ಬಿಳಿ ಆರ್‌ಸಿಎ ಸಾಕೆಟ್ ಇದ್ರೆ ಅದು ಲೈನ್ ಔಟ್, ಸ್ಪೀಕರ್ ಆಂಪಿಗೆ ಕೊಡೋದು, ಅಡಾಪ್ಟರ್ ಹಾಕಿ ಅದರಿಂದ ಹೆಡ್‌ಫೋನ್ ಓಡಿಸ್ಬೇಡಿ, ಸದ್ದು ಬಂದ್ರೂ ಸೊರಗಿದ ಸದ್ದು ಬರತ್ತೆ, ಸುಮಾರು ಡ್ಯಾಕ್‌ಗಳಲ್ಲಿ ಅಲ್ಲಿ ವಾಲ್ಯೂಮ್ ಕಂಟ್ರೋಲೂ ಇರಲ್ಲ. ಎರಡನೇದು, 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಔಟ್‌ಪುಟ್‌ನಿಂದ ಮಾಮೂಲಿ 3.5 ಹೆಡ್‌ಫೋನಿಗೆ ಸಾದಾ ಅಡಾಪ್ಟರ್ ಹಾಕೋದು ಖಂಡಿತ ಬೇಡ, ಬ್ಯಾಲೆನ್ಸ್ಡ್‌ನಲ್ಲಿ ಎಡ ಬಲ ಎರಡಕ್ಕೂ ಮೈನಸ್ ವೈರ್ ಬೇರೆ ಬೇರೆ, ಎರಡರಲ್ಲೂ ಸಿಗ್ನಲ್ ಇರತ್ತೆ, ಮಾಮೂಲಿ ಹೆಡ್‌ಫೋನ್ ಪಿನ್ನಲ್ಲಿ ಅವೆರಡೂ ಒಂದಾಗಿ ಶಾರ್ಟ್ ಆಗತ್ತೆ, ಆಂಪ್ ಸುಟ್ಟೇ ಹೋಗ್ಬಹುದು. ಮೂರನೇದು ಮೈಕ್. ಹೆಡ್‌ಸೆಟ್‌ನ ಪಿನ್ ಮೇಲೆ ಮೂರು ಕಪ್ಪು ಗೆರೆ ಇದ್ರೆ ಅದರಲ್ಲಿ ಮೈಕ್ ಇದೆ, ಆದ್ರೆ ಹಾಡು ಕೇಳೋಕಂತ ಮಾಡಿದ ಸುಮಾರು ಡ್ಯಾಕ್‌ಗಳು ಮೈಕ್ ತಗೊಳ್ಳಲ್ಲ, ಆನ್‌ಲೈನ್ ಮೀಟಿಂಗಲ್ಲಿ ನಿಮ್ಮ ಮಾತು ಯಾರಿಗೂ ಕೇಳಲ್ಲ. ಲ್ಯಾಪ್‌ಟಾಪ್‌ನ ಮೈಕನ್ನೇ ಇನ್‌ಪುಟ್ ಅಂತ ಆರಿಸ್ಕೊಂಡ್ರೆ ಆಯ್ತು.

ಸಿಗಿಸೋ ಕ್ರಮ: ಕಿವಿ ಮೊದಲು

ಹೆಡ್‌ಫೋನ್ ತಲೆ ಮೇಲೆ ಬೇಡ, ಮೇಜಿನ ಮೇಲೇ ಇರ್ಲಿ. ಡ್ಯಾಕಿನ ನಾಬ್ ಪೂರ್ತಿ ಕೆಳಗೆ, ಗೇನ್ ಸ್ವಿಚ್ (ಆಂಪ್ ಸಿಗ್ನಲ್ಲನ್ನ ಎಷ್ಟು ಹಿಗ್ಗಿಸ್ಬೇಕು ಅಂತ ಆರಿಸೋದು) ಇದ್ರೆ ಲೋ, ಆಮೇಲೆ ಯುಎಸ್‌ಬಿ ಸಿಗಿಸಿ, ಕಂಪ್ಯೂಟರ್ ಡಿವೈಸನ್ನ ಗುರುತಿಸಿದ ಮೇಲೆ ಸಿಸ್ಟಂ ವಾಲ್ಯೂಮ್ ನೋಡಿ. ಕಂಪ್ಯೂಟರ್ ಪ್ರತಿ ಔಟ್‌ಪುಟ್‌ಗೂ ಬೇರೆ ಬೇರೆ ವಾಲ್ಯೂಮ್ ನೆನಪಿಟ್ಕೊಳ್ಳತ್ತೆ, ಹೊಸ ಡಿವೈಸ್ ಎಷ್ಟೋ ಸಲ 100ಕ್ಕೇ ಬಂದು ಕೂತಿರತ್ತೆ. ಹತ್ತಕ್ಕೆ ಇಳಿಸಿ, ಹಾಡು ಹಾಕಿ, ಮೇಜಿನ ಮೇಲಿರೋ ಹೆಡ್‌ಫೋನಿಂದ ಎಷ್ಟು ಸದ್ದು ಆಚೆ ಬರ್ತಿದೆ ಕೇಳಿ, ಆಮೇಲೆ ಕಿವಿಗೆ ಹಾಕ್ಕೊಳ್ಳಿ.

ಇದು ಸುಮ್ನೆ ಹೇಳೋ ಮಾತಲ್ಲ. ನಾನು ಒಂದ್ಸಲ ಪ್ಲೇಯರಲ್ಲಿ ಔಟ್‌ಪುಟ್ ಮೋಡ್ ಬದಲಾಯ್ಸಿ, ಹೆಡ್‌ಫೋನ್ ಹಾಕ್ಕೊಂಡೇ ಪ್ಲೇ ಒತ್ತಿದೆ, ಸಿಸ್ಟಂ ವಾಲ್ಯೂಮ್ 15 ಅಂತ ತೋರಿಸ್ತಿತ್ತು, ಆದ್ರೆ ಆ ಮೋಡಲ್ಲಿ ಆ ಸ್ಲೈಡರ್ ಲೆಕ್ಕಕ್ಕೇ ಇರ್ಲಿಲ್ಲ, ಡ್ರಮ್ ಪೂರ್ತಿ ವಾಲ್ಯೂಮಲ್ಲಿ ಕಿವಿಗೆ ಹೊಡೀತು, ಎಡಗಿವೀಲಿ ಸಂಜೆ ತನಕ ಗುಂಯ್ ಅಂತಿತ್ತು. ಕಿವಿ ಒಳಗಿನ ಕೂದಲಿನಂಥ ಕೋಶಗಳು ಒಂದ್ಸಲ ಸತ್ರೆ ಮತ್ತೆ ಬೆಳೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ವಾರಕ್ಕೆ 40 ಗಂಟೆ ಕೇಳೋದಾದ್ರೆ 80 ಡೆಸಿಬಲ್, ಪ್ರತಿ 3 ಡೆಸಿಬಲ್ ಏರಿದಾಗ್ಲೂ ಆ ಸಮಯ ಅರ್ಧಕ್ಕೆ ಇಳಿಯತ್ತೆ. ಆಂಪಿನ ಶಕ್ತಿ ಜಾಸ್ತಿ ಆದಷ್ಟೂ ನಿಮ್ಮ ಕೈ ಹುಷಾರಾಗಿರ್ಬೇಕು.

ವಿಂಡೋಸಲ್ಲಿ

ಡ್ರೈವರ್ (ಡಿವೈಸನ್ನ ನಡೆಸೋಕೆ ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್) ಬೇಕಾ ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ಯುಎಸ್‌ಬಿ ಆಡಿಯೋ ಕ್ಲಾಸ್ 1 ಅನ್ನೋ ಹಳೇ ಸ್ಟ್ಯಾಂಡರ್ಡ್ 24 ಬಿಟ್ 96 ಕಿಲೋಹರ್ಟ್ಸ್ ತನಕ, ಅದು ಎಲ್ಲಾ ಕಡೆ ಮೊದಲಿಂದ್ಲೂ ಕೆಲಸ ಮಾಡತ್ತೆ. ಅದಕ್ಕಿಂತ ಮೇಲಿನ ರೇಟಿಗೆ ಬೇಕಾಗೋ ಕ್ಲಾಸ್ 2 ವಿಂಡೋಸ್ ಒಳಗೇ ಬಂದಿದ್ದು 2017ರಲ್ಲಿ, ವಿಂಡೋಸ್ 10ರ 1703 ಅಪ್‌ಡೇಟಲ್ಲಿ. ಹಾಗಾಗಿ ಈಗಿನ ವಿಂಡೋಸಲ್ಲಿ ಸಿಗಿಸಿದ ತಕ್ಷಣ ಕೆಲಸ ಶುರು ಆಗ್ಬೇಕು, ಮೊದಲು ಹಾಗೇ ಬಳಸಿ ನೋಡಿ. ಆಸಿಯೋ ಬೇಕು ಅನ್ನೋರು, ಇಲ್ಲಾ ಸದ್ದು ಕಡಿದು ಕಡಿದು ಬರ್ತಿದೆ ಅನ್ನೋರು ಮಾತ್ರ ಕಂಪನಿಯ ಡ್ರೈವರ್ ಹಾಕ್ಕೊಳ್ಳಿ. ಆಸಿಯೋ ಅಂದ್ರೆ ಸ್ಟೈನ್‌ಬರ್ಗ್ ಕಂಪನಿ ರೆಕಾರ್ಡಿಂಗ್ ಮಾಡೋರಿಗೆ ಅಂತ ಮಾಡಿದ್ದು, ಮಧ್ಯದ ತಡ ಕಮ್ಮಿ ಮಾಡೋಕೆ, ಬರೀ ಹಾಡು ಕೇಳೋರಿಗೆ ಅದು ಇಲ್ದಿದ್ರೂ ನಡಿಯತ್ತೆ.

ಸೆಟ್ಟಿಂಗ್ಸಲ್ಲಿ ಸಿಸ್ಟಂ, ಅದರಲ್ಲಿ ಸೌಂಡ್ ತೆಗೀರಿ, ಔಟ್‌ಪುಟ್ ಲಿಸ್ಟಲ್ಲಿ ನಿಮ್ಮ ಡ್ಯಾಕ್ ಹೆಸರು ಆರಿಸಿ. ಹೆಸರು ಕೆಲವು ಸಲ ಬರೀ ಯುಎಸ್‌ಬಿ ಆಡಿಯೋ ಡಿವೈಸ್ ಅಂತ ಬರತ್ತೆ, ಕೆಲವು ಸಲ ಸ್ಪೀಕರ್ಸ್ ಅಂತ ಬರತ್ತೆ, ಗಾಬರಿ ಬೇಡ, ಡ್ಯಾಕ್ ತೆಗೆದು ಹಾಕಿ ಯಾವ ಹೆಸರು ಮಾಯವಾಗಿ ಮತ್ತೆ ಬಂತು ನೋಡಿ, ಅದೇ ನಿಮ್ಮದು. ಆ ಲಿಸ್ಟಿಂದಲೇ ಹೆಸರನ್ನೂ ಬದಲಾಯ್ಸಿ ನಿಮಗೆ ತಿಳಿಯೋ ಥರ ಇಟ್ಕೊಂಡ್ಬಿಡಿ.

ಅಷ್ಟಕ್ಕೇ ಹಾಡು ಬರತ್ತೆ, ಆದ್ರೆ ಇನ್ನೂ ಮೂರು ಕೆಲಸ ಬಾಕಿ. ಅದೇ ಸೌಂಡ್ ಪೇಜಿನ ಕೆಳಗಡೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಅಂತಿರತ್ತೆ, ಒತ್ತಿದ್ರೆ ಹಳೇ ಕಾಲದ ಸಣ್ಣ ವಿಂಡೋ ತೆಗೆಯತ್ತೆ. ಪ್ಲೇಬ್ಯಾಕ್ ಟ್ಯಾಬಲ್ಲಿ ಡ್ಯಾಕ್ ಮೇಲೆ ಡಬಲ್ ಕ್ಲಿಕ್ ಮಾಡಿ ಅಡ್ವಾನ್ಸ್ಡ್‌ಗೆ ಹೋಗಿ. ಡಿಫಾಲ್ಟ್ ಫಾರ್ಮ್ಯಾಟ್ ಅಂತ ಒಂದು ಲಿಸ್ಟ್ ಇದೆ, ನೀವು ಕೇಳೋದು ಹೆಚ್ಚಾಗಿ ಹಾಡು ಆದ್ರೆ 24 ಬಿಟ್ 44100, ಹೆಚ್ಚಾಗಿ ವೀಡಿಯೋ, ಗೇಮ್ ಆದ್ರೆ 24 ಬಿಟ್ 48000 ಇಡಿ. ಇರೋದ್ರಲ್ಲೇ ದೊಡ್ಡ ಸಂಖ್ಯೆ ಆರಿಸಿದ್ರೆ ಚೆನ್ನಾಗಿರತ್ತೆ ಅಂದ್ಕೊಂಡು 384000 ಇಡೋರು ಜಾಸ್ತಿ, ಅದರಿಂದ ಆಗೋದು ಇಷ್ಟೇ, ವಿಂಡೋಸ್ ಪ್ರತಿಯೊಂದು ಸದ್ದನ್ನೂ ಆ ಸಂಖ್ಯೆಗೆ ಎಳೆದು ಹಿಗ್ಗಿಸತ್ತೆ, ಹಾಡಲ್ಲಿ ಇಲ್ದೇ ಇರೋ ಹೊಸ ವಿವರ ಎಲ್ಲಿಂದಲೂ ಬರಲ್ಲ, ಪ್ರೊಸೆಸರ್‌ಗೆ ಕೆಲಸ ಜಾಸ್ತಿ. ಎರಡನೇದು ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್, ಅದನ್ನ ಆಫ್ ಮಾಡಿ. ಮೂರನೇದು, ಅದೇ ಸಣ್ಣ ವಿಂಡೋದ ಕಮ್ಯುನಿಕೇಷನ್ಸ್ ಟ್ಯಾಬಲ್ಲಿ ಡು ನಥಿಂಗ್ ಆರಿಸಿ, ಇಲ್ಲಾಂದ್ರೆ ಕಾಲ್ ಬಂದಾಗ ವಿಂಡೋಸ್ ತಾನಾಗೇ ಬೇರೆ ಎಲ್ಲ ಸದ್ದನ್ನ 80 ಪರ್ಸೆಂಟ್ ಕಮ್ಮಿ ಮಾಡಿಬಿಡತ್ತೆ, ಡ್ಯಾಕ್ ಕೆಟ್ಟೋಯ್ತಾ ಅಂತ ನೀವು ತಲೆ ಕೆಡಿಸ್ಕೊಳ್ತೀರಿ.

ಇನ್ನು ಎಕ್ಸ್‌ಕ್ಲೂಸಿವ್ ಮೋಡ್. ಮಾಮೂಲಿಯಾಗಿ ಬ್ರೌಸರ್, ನೋಟಿಫಿಕೇಷನ್, ಪ್ಲೇಯರ್ ಎಲ್ಲದರ ಸದ್ದನ್ನೂ ವಿಂಡೋಸ್ ಒಂದೇ ಪಾತ್ರೆಗೆ ಸುರಿದು ಒಂದೇ ರೇಟಿಗೆ ತಂದು ಡ್ಯಾಕಿಗೆ ಕಳಿಸತ್ತೆ. ಎಕ್ಸ್‌ಕ್ಲೂಸಿವ್ ಮೋಡಲ್ಲಿ ಒಂದೇ ಪ್ಲೇಯರ್ ಡ್ಯಾಕನ್ನ ಪೂರ್ತಿ ಹಿಡ್ಕೊಂಡು ಫೈಲಲ್ಲಿ ಇರೋದನ್ನ ಇದ್ದ ಹಾಗೇ ಕೊಡತ್ತೆ, ಅಷ್ಟು ಹೊತ್ತು ಬೇರೆ ಯಾವ ಸದ್ದೂ ಬರಲ್ಲ. ಫೂಬಾರ್ 2000 ಥರದ ಪ್ಲೇಯರಲ್ಲಿ ಔಟ್‌ಪುಟ್ ಸೆಟ್ಟಿಂಗಲ್ಲಿ ಡ್ಯಾಕ್ ಹೆಸರಿನ ಪಕ್ಕ ಎಕ್ಸ್‌ಕ್ಲೂಸಿವ್ ಅಂತ ಇರೋದನ್ನ ಆರಿಸಿದ್ರೆ ಆಯ್ತು. ನಿಜಕ್ಕೂ ಕೆಲಸ ಮಾಡ್ತಿದ್ಯಾ ಅಂತ ನೋಡೋಕೆ ಸುಲಭ ದಾರಿ ಡ್ಯಾಕಿನ ಲೈಟ್. ಸುಮಾರು ಡ್ಯಾಕ್‌ಗಳ ಲೈಟ್ ರೇಟ್ ಬದಲಾದಾಗ ಬಣ್ಣ ಬದಲಾಯ್ಸತ್ತೆ, ಒಂದು 44.1 ಫೈಲ್, ಅದರ ಹಿಂದೇನೇ ಒಂದು 96 ಫೈಲ್ ಹಾಕಿ, ಎರಡನೇ ಹಾಡು ಶುರು ಆಗೋವಾಗ ಟಿಕ್ ಅಂತ ಸಣ್ಣ ಸದ್ದಾಗಿ ಬಣ್ಣ ಬದಲಾದ್ರೆ ಸರಿ ಇದೆ, ಬಣ್ಣ ಹಾಗೇ ಇದ್ರೆ ಸಿಗ್ನಲ್ ಇನ್ನೂ ವಿಂಡೋಸ್ ಪಾತ್ರೆಯಿಂದಲೇ ಬರ್ತಿದೆ. ಕೇಳೋಕೆ ವ್ಯತ್ಯಾಸ ಗೊತ್ತಾಗತ್ತಾ ಅಂದ್ರೆ, ನನಗಂತೂ ಗೊತ್ತಾಗಲ್ಲ, ಫಾರ್ಮ್ಯಾಟ್ ಸರಿ ಇಟ್ರೆ ಮಾಮೂಲಿ ಮೋಡೇ ಸಾಕು, ಮೇಲೆ ಹೇಳಿದ ವಾಲ್ಯೂಮ್ ಅಪಾಯವೂ ಇರಲ್ಲ.

ಮ್ಯಾಕ್, ಲಿನಕ್ಸ್

ಮ್ಯಾಕಲ್ಲಿ ಡ್ರೈವರ್ ತಲೆನೋವು ಸಾಮಾನ್ಯವಾಗಿ ಇಲ್ಲ. ಸಿಸ್ಟಂ ಸೆಟ್ಟಿಂಗ್ಸ್ ಸೌಂಡಲ್ಲಿ ಔಟ್‌ಪುಟ್ ಆರಿಸಿ, ಆಮೇಲೆ ಯುಟಿಲಿಟೀಸ್ ಫೋಲ್ಡರಲ್ಲಿರೋ ಆಡಿಯೋ ಮಿಡಿ ಸೆಟಪ್ ತೆಗೆದು ಎಡಗಡೆ ಡ್ಯಾಕ್ ಒತ್ತಿ ಫಾರ್ಮ್ಯಾಟ್ ಇಡಿ. ಮೇಲಿನ ವಾಲ್ಯೂಮ್ ಸ್ಲೈಡರ್ ಬೂದು ಬಣ್ಣಕ್ಕೆ ತಿರುಗಿ ಅಲ್ಲಾಡ್ತಿಲ್ಲ ಅಂದ್ರೆ ಏನೂ ಕೆಟ್ಟಿಲ್ಲ, ಆ ಡ್ಯಾಕ್ ಕಂಪ್ಯೂಟರಿಂದ ವಾಲ್ಯೂಮ್ ಬದಲಾಯ್ಸೋಕೆ ಬಿಡಲ್ಲ, ನಾಬಲ್ಲೇ ಮಾಡ್ಕೋಬೇಕು. ಅಂಥ ಡ್ಯಾಕಲ್ಲಿ ನಾಬೂ ಇಲ್ಲ ಅಂದ್ರೆ ಹೆಡ್‌ಫೋನಿಗೆ ಅದು ಬೇಡ.

ಲಿನಕ್ಸಲ್ಲೂ ಸಿಗಿಸಿದ್ರೆ ಬರತ್ತೆ. ಅಲ್ಲಿ ಜನ ಎಡವೋದು ಒಂದೇ ಜಾಗ: ಡೆಸ್ಕ್‌ಟಾಪ್ ವಾಲ್ಯೂಮ್ ನೂರಿದ್ರೂ ಸದ್ದು ಸಣ್ಣಗಿರತ್ತೆ, ಯಾಕಂದ್ರೆ ಡ್ಯಾಕ್ ಒಳಗಿನ ಹಾರ್ಡ್‌ವೇರ್ ವಾಲ್ಯೂಮ್ ಬೇರೆ ಇದ್ದು ಅದು ಅರ್ಧಕ್ಕೆ ನಿಂತಿರತ್ತೆ. ಟರ್ಮಿನಲಲ್ಲಿ ಆಲ್ಸಾಮಿಕ್ಸರ್ (alsamixer) ಓಡಿಸಿ, ಎಫ್6 ಒತ್ತಿ ಡ್ಯಾಕ್ ಆರಿಸಿ, ಬಾಣದ ಕೀಲಿಯಿಂದ ಸ್ವಲ್ಪ ಸ್ವಲ್ಪವೇ ಏರಿಸಿ.

ವಾಲ್ಯೂಮ್ ಎಲ್ಲಿ ಇಡ್ಬೇಕು

ನಾಬ್ ಇರೋ ಡ್ಯಾಕ್ ಆದ್ರೆ ಕಂಪ್ಯೂಟರ್ ವಾಲ್ಯೂಮ್ ಜಾಸ್ತಿ ಇಟ್ಟು ನಾಬಲ್ಲಿ ಬೇಕಾದಷ್ಟು ಇಳಿಸ್ಕೊಳ್ಳೋದು ಒಳ್ಳೇದು, ಆಗ ಸಿಗ್ನಲ್ ದೊಡ್ಡದಾಗಿ ಬಂದು, ಆಂಪಿಗೆ ಹೋಗೋ ಮುಂಚೆ ಹಿಸ್ ಜೊತೆಗೇ ಕೆಳಗಿಳಿಯತ್ತೆ. ನಾಬ್ ಇಲ್ಲದ ಡಾಂಗಲ್ ಆದ್ರೆ ಕಂಪ್ಯೂಟರಲ್ಲೇ ಇಳಿಸಿ, ಡಿಜಿಟಲ್ ವಾಲ್ಯೂಮ್ ಕಮ್ಮಿ ಮಾಡಿದ್ರೆ ಬಿಟ್ ಹೋಗ್ಬಿಡತ್ತೆ ಅನ್ನೋ ಭಯ 24 ಬಿಟ್ ಕಾಲದಲ್ಲಿ ಬೇಡ. ಗೇನ್ ಲೋ ಇಟ್ಟೇ ಶುರು ಮಾಡಿ, ನಾಬ್ ಮುಕ್ಕಾಲು ದಾಟಿದ್ರೂ ಸಾಲ್ದಿದ್ರೆ ಮಾತ್ರ ಹೈ ಮಾಡಿ, ಬದಲಾಯ್ಸೋ ಮುಂಚೆ ನಾಬ್ ಕೆಳಗಿಳಿಸೋದು ಮರೀಬೇಡಿ. ಹೈ ಗೇನಲ್ಲಿ ಹಾಡಿನ ಜೊತೆ ಹಿಸ್ ಕೂಡ ಏರತ್ತೆ.

ಈಕ್ವಲೈಜರ್ ಬಳಸೋರು ಒಂದು ನೆನಪಿಡಿ, ಯಾವ ಸ್ವರವನ್ನ ಎಷ್ಟು ಡೆಸಿಬಲ್ ಏರಿಸ್ತೀರೋ ಪ್ರೀಆಂಪ್ (ಈಕ್ವಲೈಜರ್ ಒಳಗಿನ ಒಟ್ಟು ವಾಲ್ಯೂಮ್) ಅಷ್ಟೇ ಡೆಸಿಬಲ್ ಕೆಳಗಿಳಿಸಿ, ಇಲ್ಲಾಂದ್ರೆ ಜೋರಾದ ಜಾಗದಲ್ಲಿ ಸದ್ದು ಹರಿದ ಹಾಗೆ ಬರತ್ತೆ. ಈಕ್ವಲೈಜರ್ ಎಪಿಒ ಅನ್ನೋ ಉಚಿತ ಸಾಫ್ಟ್‌ವೇರ್ ವಿಂಡೋಸಲ್ಲಿ ಚೆನ್ನಾಗಿದೆ, ಆದ್ರೆ ಎಕ್ಸ್‌ಕ್ಲೂಸಿವ್ ಮೋಡಲ್ಲಿ, ಆಸಿಯೋದಲ್ಲಿ ಅದು ಕೆಲಸ ಮಾಡಲ್ಲ, ಸಿಗ್ನಲ್ ಅದರ ಹತ್ರ ಬರೋದೇ ಇಲ್ಲ.

ಸದ್ದು ಕಡೀತಿದೆ, ಪಟ್ ಪಟ್ ಅಂತಿದೆ

ಇದು ಎಲ್ಲಕ್ಕಿಂತ ಜಾಸ್ತಿ ಜನರನ್ನ ಕಾಡೋದು, ಒಂದೊಂದೇ ಬದಲಾಯ್ಸಿ ಕಂಡ್ಹಿಡೀಬೇಕು, ಎಲ್ಲ ಒಟ್ಟಿಗೆ ಬದಲಾಯ್ಸಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ, ನಾಳೆ ಮತ್ತೆ ಬಂದ್ರೆ ಮತ್ತೆ ಮೊದಲಿಂದ. ಮೊದಲು ಕೇಬಲ್ ಬದಲಾಯ್ಸಿ. ಆಮೇಲೆ ಪೋರ್ಟ್. ಹಬ್ ಇದ್ರೆ ತೆಗೀರಿ. ಅದಾದ್ಮೇಲೆ ಫಾರ್ಮ್ಯಾಟ್ 24 ಬಿಟ್ 48000ಕ್ಕೆ ಇಳಿಸಿ ನೋಡಿ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸೋ ಮೋಡಲ್ಲಿದ್ರೆ ಬದಲಾಯ್ಸಿ, ಪವರ್ ಆಪ್ಷನ್ಸಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅಂತಿರತ್ತೆ, ಅದನ್ನ ಡಿಸೇಬಲ್ ಮಾಡಿ. ಕಂಪನಿ ಡ್ರೈವರ್ ಹಾಕಿದ್ರೆ ಅದರ ಪ್ಯಾನೆಲಲ್ಲಿ ಬಫರ್ ಸೈಜ್ (ಡ್ಯಾಕಿಗೆ ಕಳಿಸೋ ಮುಂಚೆ ಎಷ್ಟು ಸದ್ದು ಕೂಡಿಟ್ಕೊಳ್ಬೇಕು ಅನ್ನೋದು) ಇರತ್ತೆ, ಒಂದು ಹೆಜ್ಜೆ ಮೇಲೆ ಇಡಿ, ಹಾಡು ಕೇಳೋಕೆ ಬಫರ್ ದೊಡ್ಡದಿದ್ರೆ ಏನೂ ನಷ್ಟ ಇಲ್ಲ.

ಇಷ್ಟಾದ್ರೂ ನಿಲ್ಲದಿದ್ರೆ ತಪ್ಪು ಡ್ಯಾಕಿಂದಲ್ಲದೆ ಇರ್ಬಹುದು, ಕಂಪ್ಯೂಟರಲ್ಲಿ ಬೇರೆ ಯಾವುದೋ ಡ್ರೈವರ್ ಪ್ರೊಸೆಸರನ್ನ ತುಂಬ ಹೊತ್ತು ಹಿಡ್ಕೊಳ್ತಿರ್ಬಹುದು. ಲೇಟೆನ್ಸಿಮಾನ್ ಅಂತ ಒಂದು ಉಚಿತ ಟೂಲ್ ಇದೆ, ಹತ್ತು ನಿಮಿಷ ಓಡಿಸಿದ್ರೆ ಯಾವ ಡ್ರೈವರ್ ಅಂತ ಹೆಸರು ಹಿಡಿದು ಹೇಳತ್ತೆ. ನನ್ನ ಕಂಪ್ಯೂಟರಲ್ಲಿ ಅದು ವೈಫೈ ಡ್ರೈವರ್ ಆಗಿತ್ತು. ವೈಫೈ ಆಫ್ ಮಾಡಿ ಹಾಡು ಹಾಕ್ದೆ, ಅರ್ಧ ಗಂಟೆ ಒಂದೂ ಪಟ್ ಇಲ್ಲ, ಆನ್ ಮಾಡ್ದೆ, ಎರಡೇ ನಿಮಿಷಕ್ಕೆ ಬಂತು. ಡ್ರೈವರ್ ಅಪ್‌ಡೇಟ್ ಮಾಡಿದ ಮೇಲೆ ಸರಿ ಹೋಯ್ತು, ಅಷ್ಟರಲ್ಲಿ ನಾನು ಆ ಡ್ಯಾಕನ್ನ ವಾಪಸ್ ಕಳ್ಸೋಕೆ ಡಬ್ಬಿಗೆ ಹಾಕಿ ಇಟ್ಟಿದ್ದೆ.

ಹಾಡಿನ ಮೊದಲ ಅರ್ಧ ಸೆಕೆಂಡ್ ಮಾತ್ರ ನುಂಗತ್ತೆ ಅಂದ್ರೆ ಅದು ಬೇರೆ, ಸದ್ದಿಲ್ದೇ ಇದ್ದಾಗ ಡ್ಯಾಕ್ ಮಲಗಿರತ್ತೆ, ಏಳೋಕೆ ಅಷ್ಟು ಹೊತ್ತು ಬೇಕು. ದೋಷ ಅಲ್ಲ.

ಗುಂಯ್ ಸದ್ದು ಬರ್ತಿದ್ರೆ ಚಾರ್ಜರ್ ತೆಗೆದು ನೋಡಿ. ನಿಂತ್ರೆ ಅದು ಗ್ರೌಂಡ್ ಲೂಪೋ (ಎರಡು ಸಾಧನಗಳ ಗ್ರೌಂಡ್ ಎರಡು ದಾರೀಲಿ ಸೇರಿ ಅದರಲ್ಲಿ ಕರೆಂಟ್ ಸುತ್ತೋದು) ಚಾರ್ಜರ್ ಗಲಾಟೆಯೋ ಆಗಿರತ್ತೆ, ಅದರಲ್ಲೂ ಡ್ಯಾಕಿಗೆ ಹೆಡ್‌ಫೋನ್ ಜೊತೆ ಕರೆಂಟಿನ ಸ್ಪೀಕರ್ ಕೂಡ ಸಿಗಿಸಿದ್ದಾಗ ಜಾಸ್ತಿ. ಸ್ಪೀಕರ್ ಕೇಬಲ್ ತೆಗೀರಿ, ಹೋಯ್ತು ಅಂದ್ರೆ ಕಾರಣ ಸಿಕ್ತು, ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಡ್ಯಾಕಿಗೆ ಆಪ್ಟಿಕಲ್ ಇನ್‌ಪುಟ್, ಕಂಪ್ಯೂಟರ್‌ಗೆ ಆಪ್ಟಿಕಲ್ ಔಟ್‌ಪುಟ್ ಇದ್ರೆ ಅದು ಖಚಿತ ಪರಿಹಾರ, ಬೆಳಕಿನ ದಾರೀಲಿ ಕರೆಂಟ್ ಹರಿಯಲ್ಲ.

ಹೋಲಿಸೋದಾದ್ರೆ

ಜ್ಯಾಕಿಗೂ ಡ್ಯಾಕಿಗೂ, ಇಲ್ಲಾ ಎರಡು ಡ್ಯಾಕಿಗೂ ಹೋಲಿಸಿ ನೋಡ್ಬೇಕು ಅನ್ಸಿದ್ರೆ ಮೊದಲು ವಾಲ್ಯೂಮ್ ಸಮ ಮಾಡಿ, ಚೂರು ಜೋರಿರೋದು ಯಾವಾಗ್ಲೂ ಚೆನ್ನಾಗಿದೆ ಅನ್ಸತ್ತೆ, ಅದು ಎಲ್ಲರ ಕಿವಿಗೂ ಆಗೋದು. ಕಿವಿ ಅಂದಾಜಲ್ಲಿ ಸಮ ಮಾಡೋಕಾಗಲ್ಲ. 50 ಹರ್ಟ್ಸ್ ಆಸುಪಾಸಿನ ಟೋನ್ ಹಾಕಿ, ಹೆಡ್‌ಫೋನ್ ಸ್ಪ್ಲಿಟರ್ ಮೂಲಕ ಸಿಗಿಸಿಟ್ಟೇ, ಇನ್ನೊಂದು ಕಡೆ ಮಲ್ಟಿಮೀಟರಲ್ಲಿ ಎಸಿ ವೋಲ್ಟೇಜ್ ಅಳೀರಿ. ಎರಡಕ್ಕೂ ನೂರಕ್ಕೆ ಒಂದು ಪಾಲಿನ ಒಳಗೆ ವ್ಯತ್ಯಾಸ ಬಂದ್ರೆ ಸುಮಾರು 0.1 ಡೆಸಿಬಲ್, ಸಾಕು. ಆಮೇಲೆ ಯಾವುದು ಓಡ್ತಿದೆ ಅಂತ ನಿಮಗೆ ಹೇಳದೆ ಬೇರೆ ಯಾರಾದ್ರೂ ಬದಲಾಯ್ಸಲಿ. ನಾನು ಹೀಗೆ ಮಾಡಿದಾಗ ಹಳೇ ಲ್ಯಾಪ್‌ಟಾಪ್ ಜ್ಯಾಕನ್ನ ಹತ್ತಕ್ಕೆ ಹತ್ತು ಸಲ ಗುರುತಿಸ್ದೆ, ಹಾಡು ನಿಂತ ಜಾಗದಲ್ಲಿ ಆ ಚಿರ್ ಸದ್ದಿಂದ. ನನ್ನ ಎರಡು ಡ್ಯಾಕ್‌ಗಳ ನಡುವೆ ಹತ್ತರಲ್ಲಿ ಐದು.

ಕೊನೇದಾಗಿ ಡಾಂಗಲ್ ಬಳಸೋರಿಗೆ. ಲ್ಯಾಪ್‌ಟಾಪ್ ಪಕ್ಕದಲ್ಲಿ ಅದು ನೇತಾಡ್ತಿದ್ರೆ ಹೆಡ್‌ಫೋನ್ ವೈರ್ ಎಳೆದಾಗೆಲ್ಲ ಟೈಪ್ ಸಿ ಪೋರ್ಟಿಗೆ ಅಡ್ಡ ಬಲ ಬೀಳತ್ತೆ. ಡಾಂಗಲನ್ನ ಮೇಜಿಗೆ ಒಂದು ಚೂರು ಟೇಪ್ ಹಾಕಿ ಅಂಟಿಸಿ, ಇಲ್ಲಾ ವೈರನ್ನ ಲ್ಯಾಪ್‌ಟಾಪ್ ಹಿಂದಿನಿಂದ ಸುತ್ತಿ ತನ್ನಿ, ಎಳೆತ ಪೋರ್ಟ್ ತನಕ ಹೋಗ್ಬಾರ್ದು. ಬ್ಯಾಗಿಗೆ ಹಾಕೋವಾಗ ತೆಗೆದೇ ಹಾಕಿ. ಡಾಂಗಲ್ ಹೋದ್ರೆ ಇನ್ನೊಂದು ತರ್ಬಹುದು, ಪೋರ್ಟ್ ಸಡಿಲ ಆದ್ರೆ ಮದರ್‌ಬೋರ್ಡ್ ಬಿಚ್ಚಬೇಕು.